ವರಹದ ಅಚ್ಚು ನೋಡಿ ಕಲಿತದ್ದು

ಹಳೆಯ ಚಿನ್ನದ ನಾಣ್ಯ ಕೂಡಿಡುವವರು ಸಾಮಾನ್ಯವಾಗಿ ಅರಸನಿಗೊಂದರಂತೆ ಹುಡುಕುತ್ತಾರೆ. ಹರಿಹರನದು ಆಯಿತು, ದೇವರಾಯನದು ಆಯಿತು, ಅಚ್ಯುತನ ಗಂಡಭೇರುಂಡ ಒಂದು ಸಿಕ್ಕಿಬಿಟ್ಟರೆ ಸಾಕು ಎನ್ನುವ ಲೆಕ್ಕ. ನನ್ನಂಥ ಕೆಲವರ ಹುಚ್ಚು ಬೇರೆ. ಒಂದೇ ಅರಸನ, ಒಂದೇ ದೇವರ, ಒಂದೇ ತೂಕದ ನಾಣ್ಯಗಳನ್ನು ಸಾಲಾಗಿ ಇಟ್ಟುಕೊಂಡು ಯಾವುದು ಯಾವ ಅಚ್ಚಿನಿಂದ ಬಂದದ್ದು ಎಂದು ನೋಡುತ್ತ ಕೂರುತ್ತೇವೆ. ಮನೆಯವರ ಕಣ್ಣಿಗೆ ಅವೆಲ್ಲ ಒಂದೇ ಥರ ಕಾಣುತ್ತವೆ, ಅವರನ್ನು ದೂರುವಂತಿಲ್ಲ. ವಿಜಯನಗರ, ಕೆಳದಿ, ಮೈಸೂರಿನ ವರಹ ಮತ್ತು ಹಣಗಳನ್ನು ಹೀಗೆ ನೋಡುತ್ತ ಬಂದದ್ದರಲ್ಲಿ ಹೊಸಬರಿಗೆ ಉಪಯೋಗಕ್ಕೆ ಬರಬಹುದಾದಷ್ಟನ್ನು ಇಲ್ಲಿ ಬರೆದಿದ್ದೇನೆ.

1. ಪವನು ನೋಡಿದ ಕಣ್ಣಲ್ಲಿ ವರಹ ನೋಡಬೇಡಿ

ಅಚ್ಚುಭೇದ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಬ್ರಿಟಿಷರ ಪವನು. ಒಂದು ಮೂಲ ಮಾದರಿಯಿಂದ ಯಂತ್ರದಲ್ಲಿ ಅಚ್ಚುಗಳನ್ನು ಒತ್ತಿ ತೆಗೆಯುತ್ತಿದ್ದರು. ಎಲ್ಲವೂ ಒಂದೇ ಥರ ಇರಬೇಕೆನ್ನುವುದೇ ಅಲ್ಲಿನ ಉದ್ದೇಶ. ವ್ಯತ್ಯಾಸ ಕಂಡರೆ ಅದು ಒಂದೋ ಎಡವಟ್ಟು, ಇಲ್ಲವೇ ಗುರುತಿಗೆಂದು ಬೇಕೆಂದೇ ಇಟ್ಟದ್ದು. 1863ರಿಂದ 1874ರವರೆಗಿನ, ಗುರಾಣಿಯಿರುವ ಹೆಚ್ಚಿನ ಲಂಡನ್ ಪವನುಗಳಲ್ಲಿ ಅದರ ಕೆಳಗೆ ಅಚ್ಚಿನ ಸಂಖ್ಯೆಯೇ ಇರುತ್ತದೆ. 1859ರಲ್ಲಿ ಪುಡಿಯಾಗುವ ಗುಣದ ಚಿನ್ನ ಬಂದಾಗ ಅದನ್ನು ಟಂಕಿಸಿ ತೋರಿಸಿದವನು ಅಲ್ಲಿನ ಟಂಕಸಾಲೆಯ ಆನ್ಸೆಲ್. ಆ ನಾಣ್ಯಗಳಲ್ಲಿ ರಾಣಿಯ ತಲೆಪಟ್ಟಿಯ ಮೇಲೆ ಒಂದು ಗೆರೆ ಹೆಚ್ಚು. ಆ ಒಂದು ಗೆರೆಗೆ ಇವತ್ತು ಎಷ್ಟೋ ಪಟ್ಟು ಬೆಲೆ.

ವರಹದ ಕಥೆ ತಲೆಕೆಳಗು. ಅಲ್ಲಿ ಮೂಲ ಮಾದರಿ ಎಂಬುದೇ ಇಲ್ಲ. ಕಮ್ಮಟದ ಅಕ್ಕಸಾಲಿಗ ಪ್ರತಿ ಅಚ್ಚನ್ನೂ ಕೈಯಲ್ಲೇ ಕೊರೆದ. ಶಿವನ ತ್ರಿಶೂಲ ಒಂದರಲ್ಲಿ ನೆಟ್ಟಗಿದ್ದರೆ ಇನ್ನೊಂದರಲ್ಲಿ ತುಸು ವಾಲಿರುತ್ತದೆ. ಅವನ ಕೈ ಅಂದು ಹಾಗೆ ಓಡಿತು, ಅಷ್ಟೆ. ಎಲ್ಲ ಅಚ್ಚೂ ಒಂದಕ್ಕಿಂತ ಒಂದು ಬೇರೆಯೇ ಆದ ಮೇಲೆ ‘ಅಪರೂಪದ ಅಚ್ಚುಭೇದ’ ಎಂದು ಹೆಚ್ಚು ಹಣ ಕೇಳುವುದಕ್ಕೆ ಅರ್ಥವಿಲ್ಲ. ಹಾಗೆ ಬರೆದುಕೊಂಡು ಮಾರುವ ಪಟ್ಟಿಗಳು ಈಗ ಬಹಳವಾಗಿವೆ. ನೀವು ಕೊಡಬೇಕಾದ್ದು ನಾಣ್ಯಕ್ಕೆ, ಆ ವಿಶೇಷಣಕ್ಕಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಈ ಅಚ್ಚು ಎಷ್ಟು ಅಪರೂಪ ಎಂಬುದಲ್ಲ. ಈ ಅಚ್ಚಿಗೆ ಯಾವ ಅಚ್ಚಿನ ಜೊತೆ ನಂಟು ಎಂಬುದು.

2. ನಂಟು ಎಂದರೇನು ಎಂದು ಮೊದಲು ತಿಳಿದುಕೊಳ್ಳಿ

ಒಂದು ಅಚ್ಚು ಕೆಳಗೆ, ಅಡಿಗಲ್ಲಿನಲ್ಲೋ ಮರದ ದಿಮ್ಮಿಯಲ್ಲೋ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ತೂಕ ಮಾಡಿದ ಚಿನ್ನದ ಬಿಲ್ಲೆ. ಬಿಲ್ಲೆಯ ಮೇಲೆ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯಬೇಕು. ಏಟನ್ನು ನೇರವಾಗಿ ತಿನ್ನುವ ಮೇಲಿನ ಅಚ್ಚು ಬೇಗ ಹಾಳಾಗುತ್ತದೆ, ಕೆಳಗಿನದು ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ಕೆಳಗಿನ ಒಂದೇ ಅಚ್ಚಿಗೆ ಮೇಲಿನ ಎರಡು ಮೂರು ಅಚ್ಚುಗಳು ಒಂದಾದ ಮೇಲೆ ಒಂದು ಜೊತೆಯಾಗುತ್ತವೆ.

ಉಮಾಮಹೇಶ್ವರನ ಮುಖ ಒಂದೇ ಇದ್ದು ಹಿಂದಿನ ಬರಹದ ಮುಖ ಬೇರೆಬೇರೆ ಇರುವ ಎರಡು ನಾಣ್ಯ ಸಿಕ್ಕಿತು ಎನ್ನಿ. ಅವೆರಡೂ ಒಂದೇ ಕಮ್ಮಟದಲ್ಲಿ, ಹತ್ತಿರ ಹತ್ತಿರದ ಕಾಲದಲ್ಲಿ ಹುಟ್ಟಿದವು ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಅವುಗಳಲ್ಲಿ ಒಂದರ ಬರಹದ ಮುಖ ಮೂರನೆಯ ನಾಣ್ಯದ ಜೊತೆ ಕೂಡಿಕೊಂಡರೆ ಸರಪಳಿ ಬೆಳೆಯಿತು. ವರಹದ ಮೇಲೆ ಇಸವಿ ಇಲ್ಲ, ಕಮ್ಮಟದ ಹೆಸರಿಲ್ಲ. ಇವೆರಡನ್ನೂ ಊಹಿಸಲು ನಮಗಿರುವ ದಾರಿ ಈ ಸರಪಳಿ.

ಯಾವ ಮುಖ ಕೆಳಗಿತ್ತು ಎಂದು ಊಹಿಸಲು ಸುಲಭದ ಉಪಾಯ ಒಂದಿದೆ. ನಾಣ್ಯಗಳ ದೊಡ್ಡ ಗುಂಪಿನಲ್ಲಿ ಯಾವ ಮುಖಕ್ಕೆ ಕಡಿಮೆ ಅಚ್ಚುಗಳು ಎಣಿಕೆಗೆ ಬರುತ್ತವೆಯೋ ಬಹುತೇಕ ಅದೇ ಕೆಳಗಿನದು.

3. ಅಚ್ಚೇ ಇಲ್ಲದ ಕಡೆ ಅಚ್ಚು ಹುಡುಕಬೇಡಿ

ಕಲ್ಯಾಣದ ಚಾಲುಕ್ಯರ ಹಲವು ಗದ್ಯಾಣಗಳು, ದೇವಗಿರಿಯ ಯಾದವರ ಪದ್ಮಟಂಕಗಳು ಇಡೀ ಚಿತ್ರದ ಒಂದು ಅಚ್ಚಿನಿಂದ ಬಂದವಲ್ಲ. ಬಟ್ಟಲಿನಂತೆ ತಗ್ಗಾದ ಬಿಲ್ಲೆಯ ನಡುವೆ ತಾವರೆ, ಸುತ್ತ ಶ್ರೀಕಾರ, ಅರಸನ ಹೆಸರು ಎಂದು ಒಂದೊಂದಕ್ಕೂ ಪ್ರತ್ಯೇಕ ಮುದ್ರೆ ಒತ್ತಿದ್ದು. ಮುದ್ರೆ ಬಿದ್ದ ಜಾಗ ಪ್ರತಿ ನಾಣ್ಯದಲ್ಲೂ ಬದಲಾಗುವುದರಿಂದ ಎರಡು ಪದ್ಮಟಂಕ ಒಂದೇ ಥರ ಇರುವುದಿಲ್ಲ. ‘ಹೊಸ ಭೇದ ಸಿಕ್ಕಿತು’ ಎಂದು ಕುಣಿಯುವವರನ್ನು ಕಂಡಿದ್ದೇನೆ. ಅಲ್ಲಿ ಹೋಲಿಸಬೇಕಾದದ್ದು ಒಂದೊಂದು ಮುದ್ರೆಯನ್ನು, ಅವುಗಳ ಜಾಗವನ್ನಲ್ಲ.

ಹೊಯ್ಸಳರದು ನಿಜವಾದ ಅಚ್ಚಿನ ಕೆಲಸ. ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂದು ಕನ್ನಡದಲ್ಲೇ ಬರಹ. ಅಕ್ಷರದ ತಿರುವುಗಳು ಕನ್ನಡ ಓದುವವನ ಕಣ್ಣಿಗೆ ಬೇಗ ಹಿಡಿಯುತ್ತವೆ, ಅದೊಂದು ಅನುಕೂಲ. ಗೋವೆಯ ಕದಂಬರು ಇನ್ನೂ ಉದಾರಿಗಳು. ಸಿಂಹದ ಮುಂದೆ ಸಂವತ್ಸರದ ಹೆಸರನ್ನೇ ಕೊರೆಸಿದರು. ಅರಸ ಯಾರೆಂದು ತಿಳಿದರೆ, ಅರವತ್ತು ವರ್ಷದ ಚಕ್ರದಲ್ಲಿ ಅಚ್ಚು ಯಾವ ವರ್ಷದ್ದೆಂದು ತಿಳಿದುಹೋಗುತ್ತದೆ. ಈ ಸುಖ ವಿಜಯನಗರದಲ್ಲಿ ಇಲ್ಲ.

4. ಮೊದಲು ಬಗೆ, ಆಮೇಲೆ ಅಚ್ಚು

ಬಗೆಗಳು ಬಾಯಿಪಾಠ ಆಗುವವರೆಗೆ ಅಚ್ಚಿಗೆ ಇಳಿಯಬೇಡಿ. ಮೊದಮೊದಲ ಅರಸರ ಹನುಮಂತ, ಎರಡನೆಯ ಹರಿಹರನ ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಲಕ್ಷ್ಮೀನರಸಿಂಹ, ದೇವರಾಯರ ಉಮಾಮಹೇಶ್ವರ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತನ ಗಂಡಭೇರುಂಡ, ತಿರುಮಲನ ರಾಮ ಸೀತೆ ಲಕ್ಷ್ಮಣ, ವೆಂಕಟಪತಿಯ ವೆಂಕಟೇಶ್ವರ. ಪೂರ್ತಿ ವರಹ ಸುಮಾರು 3.4 ಗ್ರಾಂ, ಅರ್ಧ ವರಹ 1.7, ಕಾಲು 0.85. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವರಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಪಾಲಿನ ಹಣ ಎಂದು ಲೆಕ್ಕ ಬರೆದಿಟ್ಟಿದ್ದಾನೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಹಣ ಎಂದೂ ಹೇಳುತ್ತಾನೆ.

ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ನಾಣ್ಯವನ್ನು ಇನ್ನೂ ಚೆನ್ನಾಗಿ ನೋಡಿದವನು. ಈ ನಾಡಿನ ಚಿನ್ನದ ನಾಣ್ಯದ ಒಂದು ಕಡೆ ಎರಡು ಮೂರ್ತಿ, ಇನ್ನೊಂದು ಕಡೆ ಟಂಕಿಸಿದ ಅರಸನ ಹೆಸರು. ಈಗಿನ ಅರಸ ಹೊಡೆಸಿದವುಗಳಲ್ಲಿ ಮಾತ್ರ ಒಂದೇ ಮೂರ್ತಿ ಎನ್ನುತ್ತಾನೆ. ಕೂತ ಬಾಲಕೃಷ್ಣನ ನಾಣ್ಯವನ್ನು ಕೈಯಲ್ಲಿ ಹಿಡಿದಾಗ ಆ ಮಾತು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಹಳೆಯ ಅರಸರ ನಾಣ್ಯವೂ ಪೇಟೆಯಲ್ಲಿ ಓಡುತ್ತಿತ್ತು ಎಂಬ ವಿಷಯ ಅದೇ ಮಾತಿನಲ್ಲಿ ಅಡಗಿದೆ.

ಅಚ್ಚಿನ ಕೆಲಸ ನಿಜಕ್ಕೂ ಬೇಕಾಗುವುದು ದೇವರಾಯರಲ್ಲಿ. ಒಂದನೆಯ ದೇವರಾಯ (1406–1422), ಎರಡನೆಯ ದೇವರಾಯ (1424–1446) ಇಬ್ಬರ ಹೆಸರೂ ಒಂದೇ. ಹಿಂದೆ ಇರುವ ನಾಗರಿ ಬರಹ ‘ಶ್ರೀ ಪ್ರತಾಪ ದೇವರಾಯ’. ಇದು ತಾತನದೋ ಮೊಮ್ಮಗನದೋ? ಎಷ್ಟೋ ಪಟ್ಟಿಗಳಲ್ಲಿ ಮಾರುವವರ ಮನಸ್ಸಿಗೆ ಬಂದಂತೆ ‘ಒಂದನೆಯ’, ‘ಎರಡನೆಯ’ ಎಂದು ಹಾಕಿರುತ್ತಾರೆ. ಎರಡನೆಯ ಹರಿಹರನ ನಾಣ್ಯದ ದೇವರ ಮುಖದ ಅಚ್ಚು, ಅಥವಾ ಕಡೇಪಕ್ಷ ಅದನ್ನು ಕೊರೆದ ಕೈ, ದೇವರಾಯನ ಬರಹದ ಜೊತೆ ಎಲ್ಲಾದರೂ ಕಂಡರೆ ಅದು ಮೊದಲಿನ ದೇವರಾಯನ ಕಡೆಗೆ ಬೆರಳು ತೋರುತ್ತದೆ. ಇಂಥ ಒಂದು ನಂಟು ಹತ್ತು ಚಂದದ ನಾಣ್ಯಕ್ಕಿಂತ ದೊಡ್ಡದು ಎನ್ನುವುದು ನನ್ನ ಮತ. ಕೈ ಒಂದೇ ಎನ್ನುವುದಕ್ಕೂ ಅಚ್ಚು ಒಂದೇ ಎನ್ನುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಮಾತ್ರ ಮರೆಯಬೇಡಿ: ಮೊದಲನೆಯದು ಅಭಿಪ್ರಾಯ, ಎರಡನೆಯದು ಅಳೆದು ತೋರಿಸಬಹುದಾದದ್ದು.

5. ಆಕಾರ ನೋಡಬೇಡಿ, ಅಂತರ ನೋಡಿ

ಸವೆತಕ್ಕೆ ಮೂಗು ಹೋಗುತ್ತದೆ, ಕಿರೀಟ ಚಪ್ಪಟೆಯಾಗುತ್ತದೆ, ಅಚ್ಚಿನ ಗುಳಿಯಲ್ಲಿ ಕೊಳೆ ತುಂಬಿದರೆ ಅಕ್ಷರದ ಕೊಂಬು ಮಾಯವಾಗುತ್ತದೆ. ಏಟು ಎರಡು ಸಲ ಬಿದ್ದರೆ ಪಾರ್ವತಿಗೆ ಎರಡು ತುರುಬು. ಇವೆಲ್ಲ ಒಂದೊಂದು ನಾಣ್ಯದ ಕಥೆ, ಅಚ್ಚಿನದಲ್ಲ. ಏನೇ ಆದರೂ ಬದಲಾಗದ್ದು ಒಂದು ಬಿಂದುವಿನಿಂದ ಇನ್ನೊಂದಕ್ಕಿರುವ ಅಂತರ ಮತ್ತು ಕೋನ.

ನಾನು ಉಮಾಮಹೇಶ್ವರದಲ್ಲಿ ಹಿಡಿಯುವ ಬಿಂದುಗಳು ಇವು: ತ್ರಿಶೂಲದ ತುದಿ, ಶಿವನ ಇನ್ನೊಂದು ಕೈಯ ಜಿಂಕೆ, ಇಬ್ಬರ ಮಂಡಿ, ಪೀಠದ ಗೆರೆಯ ಎರಡು ಕೊನೆ. ಜಿಂಕೆಯ ಮೂತಿಯಿಂದ ಶಿವನ ಕಿವಿಗೆ ಗೆರೆ ಎಳೆದರೆ ಅದು ತ್ರಿಶೂಲಕ್ಕೆ ಎಲ್ಲಿ ತಾಗುತ್ತದೆ? ಈ ಒಂದು ಪ್ರಶ್ನೆಗೇ ಅರ್ಧಕ್ಕರ್ಧ ಅಚ್ಚುಗಳು ಬೇರೆಯಾಗುತ್ತವೆ. ಗಂಡಭೇರುಂಡದಲ್ಲಿ ಹಕ್ಕಿ ಆನೆಗಳನ್ನು ಕೊಕ್ಕಿನಲ್ಲೂ ಉಗುರಿನಲ್ಲೂ ಹಿಡಿದಿರುತ್ತದೆ. ಆನೆಗಳ ಸೊಂಡಿಲು ಎತ್ತ ಬಾಗಿದೆ, ಬಾಲದ ಗರಿ ಎಷ್ಟು ಎಂದು ನೋಡಿದರೆ ಸಾಕು, ಅದರಷ್ಟು ಸುಲಭದ ನಾಣ್ಯ ಇನ್ನೊಂದಿಲ್ಲ.

ಬರಹದ ಮುಖ ಇನ್ನೂ ನಂಬಿಕಸ್ಥ. ಮೂರು ಸಾಲಿನ ನಾಗರಿ, ಸಾಲುಗಳ ನಡುವೆ ಅಡ್ಡಗೆರೆ. ಮೇಲಿನ ಸಾಲಿನ ಕಂಬ ಕೆಳಗಿನ ಸಾಲಿನ ಯಾವ ಅಕ್ಷರದ ನೆತ್ತಿಗೆ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಅಕ್ಷರ ಗೊತ್ತಿಲ್ಲದವನು ಇಲ್ಲಿ ಎಷ್ಟೋ ಸಲ ಅಕ್ಷರ ಗೊತ್ತಿರುವವನಿಗಿಂತ ಚೆನ್ನಾಗಿ ನೋಡುತ್ತಾನೆ. ಓದಲು ಬರುವವನ ಕಣ್ಣು ಗೆರೆಯನ್ನು ಬಿಟ್ಟು ಅರ್ಥಕ್ಕೆ ಓಡುತ್ತದೆ.

ಚಿತ್ರ ತೆಗೆಯುವಾಗ ಬೆಳಕು ಯಾವಾಗಲೂ ಒಂದೇ ಕಡೆಯಿಂದ ಬರಲಿ, ಎಡಗಡೆ ಮೇಲಿನಿಂದ. ಬೆಳಕಿನ ದಿಕ್ಕು ಬದಲಾದರೆ ಒಂದೇ ನಾಣ್ಯ ಎರಡು ಅಚ್ಚಿನಂತೆ ಕಾಣುತ್ತದೆ. ಒಂದು ಚಿತ್ರವನ್ನು ಪಾರದರ್ಶಕ ಮಾಡಿ ಇನ್ನೊಂದರ ಮೇಲೆ ಕೂರಿಸುವುದು ಈಗ ಮೊಬೈಲಿನಲ್ಲೇ ಆಗುತ್ತದೆ. ಭೂತಗನ್ನಡಿ ಹತ್ತು ಪಟ್ಟಿನದು ಸಾಕು.

6. ಅಂಚು ತಪ್ಪಿದ ನಾಣ್ಯವನ್ನು ಬಿಡಬೇಡಿ

ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹೀಗಾಗಿ ಇಡೀ ಚಿತ್ರ ಯಾವ ಒಂದು ನಾಣ್ಯದ ಮೇಲೂ ಬೀಳದೆ ಇರಬಹುದು. ಸರಿಯಾಗಿ ನಡುವಿಗೆ ಬಿದ್ದದ್ದಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಪಕ್ಕಕ್ಕೆ ಜಾರಿದ್ದು ಕಡಿಮೆಗೆ ಸಿಗುತ್ತದೆ. ಆದರೆ ಅಚ್ಚಿನ ಹೊರ ಅಂಚಿನಲ್ಲಿ ಚುಕ್ಕೆಗಳ ಸಾಲಿತ್ತೇ, ಕೊನೆಯ ಅಕ್ಷರಕ್ಕೆ ವಿಸರ್ಗವಿತ್ತೇ ಎಂದು ತೋರಿಸುವುದು ಆ ಜಾರಿದ ನಾಣ್ಯ. ಒಂದೇ ಅಚ್ಚಿನ ನಾಲ್ಕು ಜಾರಿದ ನಾಣ್ಯಗಳಿದ್ದರೆ ಇಡೀ ಅಚ್ಚನ್ನು ಕಾಗದದ ಮೇಲೆ ಬರೆಯಬಹುದು. ಚಂದಕ್ಕೆಂದು ಕೂಡಿಡುವವರು ಬಿಟ್ಟದ್ದೇ ನಮಗೆ ಬೇಕಾದದ್ದು.

7. ಹಣಕ್ಕೆ ಕೈ ಹಾಕುವ ಮೊದಲು ಯೋಚಿಸಿ

ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊಡೆಸಿದ ಕಂಠೀರಾಯಿ ಹಣ ಹುಣಸೆಬೀಜಕ್ಕಿಂತ ಚಿಕ್ಕದು. ತೂಕ ಸುಮಾರು 0.35 ಗ್ರಾಂ. ಅದರ ಮೇಲೆ ನರಸಿಂಹ. ಆಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅದೇ ಹಣವನ್ನು ಮತ್ತೆ ಹೊಡೆಸಿದರು. ಹಳೆಯದು ತೆಳ್ಳಗೆ ಅಗಲ, ಹೊಸದು ದಪ್ಪಗೆ ಗಿಡ್ಡ. ಜನ ಅವನ್ನು ಅಗಲ ಕಂಠೀರಾಯಿ, ಗಿಡ್ಡ ಕಂಠೀರಾಯಿ ಎಂದೇ ಕರೆದರು. ಇಷ್ಟನ್ನು ಬೇರೆ ಮಾಡಲು ಅಳತೆಪಟ್ಟಿ ಸಾಕು. ಅದರಾಚೆಗೆ ಅಚ್ಚು ವಿಂಗಡಿಸುತ್ತೇನೆ ಎಂದು ಹೊರಟರೆ ಕಣ್ಣು ಹೋಗುತ್ತದೆ. ಹಣದ ಅಚ್ಚು ಅಷ್ಟು ಚಿಕ್ಕದು, ಬೇಗ ಸವೆಯುವಂಥದು. ಹೊಸಬರು ಅರ್ಧ ವರಹದಿಂದ ಆರಂಭಿಸಲಿ.

8. ದೊರೆ ಬದಲಾದ ವರ್ಷದ ಸುತ್ತಮುತ್ತ ಹುಡುಕಿ

ಕೆಳದಿ ನಾಯಕರ ಇಕ್ಕೇರಿ ವರಹದ ಮೇಲೆ ಶಿವ ಪಾರ್ವತಿ, ಹಿಂದೆ ‘ಶ್ರೀ ಸದಾಶಿವ’. 1763ರಲ್ಲಿ ಹೈದರ್ ಅಲಿ ಅವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೂ ಶಿವ ಪಾರ್ವತಿಯರನ್ನು ತೆಗೆಸಲಿಲ್ಲ. ಬರಹ ಹೋಗಿ ಆ ಜಾಗಕ್ಕೆ ರವೆಯಂತಹ ಚುಕ್ಕೆಗಳ ಹಾಸು, ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ‘ಹೇ’. ಇದೇ ಬಹಾದ್ದೂರಿ ವರಹ. ಇಕ್ಕೇರಿ ವರಹವನ್ನು ನಂಬಿದ ವರ್ತಕರ ಕೈಗೆ ಹೊಸ ನಾಣ್ಯವೂ ಅಳುಕಿಲ್ಲದೆ ಸೇರಬೇಕಿತ್ತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ದಂಪತಿ, ಹಿಂದೆ ‘ಶ್ರೀ ಕೃಷ್ಣರಾಜ’.

ದೇವರ ಮುಖದ ಅಚ್ಚು ಇನ್ನೂ ಗಟ್ಟಿಯಾಗಿದ್ದಾಗ ದೊರೆ ಬದಲಾದರೆ ಕಮ್ಮಟದವನು ಏನು ಮಾಡುತ್ತಾನೆ? ಹಿಂದಿನ ಮುಖ ಮಾತ್ರ ಬದಲಿಸುವುದು ಸುಲಭ. ಆದ್ದರಿಂದ ಇಕ್ಕೇರಿ ಮತ್ತು ಬಹಾದ್ದೂರಿ ವರಹಗಳ ದೇವರ ಮುಖಗಳನ್ನು ಒಂದೇ ಕಡತದಲ್ಲಿ ಇಟ್ಟು ಹೋಲಿಸಿ. ಹೆಚ್ಚಿನವರು ಅವನ್ನು ಕೆಳದಿ, ಮೈಸೂರು ಎಂದು ಎರಡು ಆಲ್ಬಂನಲ್ಲಿ ಇಡುತ್ತಾರೆ. ಹಾಗಿಟ್ಟರೆ ನಂಟು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಟಿಪ್ಪುವಿನ ಚಿನ್ನದಲ್ಲಿ ಇಸವಿ, ಟಂಕಸಾಲೆಯ ಹೆಸರು ಎರಡೂ ಇರುವುದರಿಂದ ಕೆಲಸ ಹಗುರ. ಅವನು 1787ರಲ್ಲಿ ಜಾರಿಗೆ ತಂದ ಮೌಲೂದಿ ಶಕೆಯ 1215ರಿಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದೊಂದು ತಿಳಿದಿರಲಿ. ಉಳಿದದ್ದಕ್ಕೆ ಹೆಂಡರ್ಸನ್ 1921ರಲ್ಲಿ ಬರೆದ ಪುಸ್ತಕ ಇಂದಿಗೂ ಸಾಕು.

9. ಅಚ್ಚು ಕೂಡಿಬಂದ ಮಾತ್ರಕ್ಕೆ ನಾಣ್ಯ ಅಸಲಿ ಅಲ್ಲ

ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಅಸಲಿ ನಾಣ್ಯದಿಂದ ಎರಕದ ಅಚ್ಚು ತೆಗೆದು ಹೊಯ್ದರೆ ಬಿಂದುಗಳ ಅಂತರ ಎಲ್ಲ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಸಿಕ್ಕಿಬೀಳುವುದು ಬೇರೆ ಕಡೆ. ಹೊಡೆದ ನಾಣ್ಯಗಳಲ್ಲಿ ಅಚ್ಚು ಒಂದೇ ಆದರೂ ಬಿಲ್ಲೆಯ ಅಂಚಿನ ಬಿರುಕು, ಮೇಲೆ ಬಿದ್ದ ಗೀರು, ಚಿತ್ರ ಜಾರಿದ ದಿಕ್ಕು ಒಂದೇ ಇರಲು ಸಾಧ್ಯವಿಲ್ಲ. ಎರಡು ನಾಣ್ಯದಲ್ಲಿ ಅದೇ ಜಾಗದಲ್ಲಿ ಅದೇ ಗೀರು ಕಂಡರೆ ಎರಡನ್ನೂ ಕೆಳಗಿಡಿ. ಒಂದು ಹರಾಜಿನ ಪಟ್ಟಿಯಲ್ಲಿ ಬೇರೆಬೇರೆ ಪುಟದಲ್ಲಿದ್ದ ಎರಡು ಅರ್ಧ ವರಹಗಳ ಅಂಚಿನಲ್ಲಿ ಒಂದೇ ಹಲ್ಲುಗಚ್ಚು ಕಂಡು ಕೇಳಿದೆ. ಉತ್ತರ ಬರಲಿಲ್ಲ, ಎರಡೂ ಮಾರಾಟವಾದವು.

ಹೊಸದಾಗಿ ಕೊರೆದ ನಕಲಿ ಅಚ್ಚಿನಿಂದ ಹೊಡೆದವು ಇನ್ನೂ ಅಪಾಯ. ಎಲ್ಲಿಂದಲೋ ಒಟ್ಟಿಗೆ ಬಂದ ಏಳೆಂಟು ನಾಣ್ಯ, ಎಲ್ಲವೂ ಒಂದೇ ಜೋಡಿ ಅಚ್ಚು, ಹಳೆಯ ಸಂಗ್ರಹಗಳಲ್ಲಿ ಆ ಅಚ್ಚಿನ ಒಂದೂ ಇಲ್ಲ ಎಂದರೆ ಎಚ್ಚರ. ವಸ್ತುಸಂಗ್ರಹಾಲಯಗಳಲ್ಲಿ ಬಹಳ ಹಿಂದೆ ಸೇರಿದ ನಾಣ್ಯಗಳ ಚಿತ್ರಗಳು ಇಂಥ ಕಡೆ ಒರೆಗಲ್ಲು. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಎಲಿಯಟ್ ಬರೆದ 1880ರ ದಶಕದ ಪುಸ್ತಕದ ಫಲಕಗಳೂ ಹಾಗೆಯೇ.

ಕಾಸಿನ ಸರದಲ್ಲಿ ಪೋಣಿಸಿದ್ದ ನಾಣ್ಯಗಳನ್ನು ಕೀಳಾಗಿ ಕಾಣಬೇಡಿ. ಕೊಂಡಿ ಬೆಸೆದ ಗುರುತು ಬೆಲೆ ಇಳಿಸುತ್ತದೆ, ಅಚ್ಚಿಗೆ ಏನೂ ಮಾಡುವುದಿಲ್ಲ. ಆದರೆ ಸರಕ್ಕೆಂದೇ ಅಕ್ಕಸಾಲಿಗರು ವರಹದ ಮಾದರಿಯ ಕಾಸು ಮಾಡಿಕೊಡುತ್ತಿದ್ದರು. ಅವು ನಕಲಿ ಅಲ್ಲ, ಮೋಸಕ್ಕೆ ಮಾಡಿದ್ದಲ್ಲ, ನಾಣ್ಯವೂ ಅಲ್ಲ. ರಾಮಟಂಕಗಳೂ ಅದೇ ಸಾಲಿಗೆ, ಪೂಜೆಗೆ ಮಾಡಿದವು. ಪ್ರತ್ಯೇಕ ಡಬ್ಬಿಯಲ್ಲಿಡಿ.

10. ಎಣಿಸಿ, ಆದರೆ ಎಣಿಕೆಯನ್ನು ಹಿಗ್ಗಿಸಬೇಡಿ

ದಾಖಲೆ ಇಡುವ ಕ್ರಮ ಸರಳ. ಮುಮ್ಮುಖದ ಅಚ್ಚುಗಳಿಗೆ ಮು1, ಮು2; ಹಿಮ್ಮುಖಕ್ಕೆ ಹಿ1, ಹಿ2. ಪ್ರತಿ ನಾಣ್ಯಕ್ಕೂ ಜೋಡಿ, ತೂಕ, ಅಗಲ, ಎರಡು ಮುಖಗಳ ನಡುವಿನ ಕೋನ, ಎಲ್ಲಿಂದ ಬಂತು ಎಂಬ ವಿವರ. ಹರಾಜಿನ ಪಟ್ಟಿ, ಪುಸ್ತಕ, ವಸ್ತುಸಂಗ್ರಹಾಲಯದ ಚಿತ್ರ ಎಲ್ಲವೂ ದಾಖಲೆಗೆ ಸಲ್ಲುತ್ತವೆ, ನಾಣ್ಯ ನಿಮ್ಮದೇ ಆಗಬೇಕಿಲ್ಲ. ಗಣೇಶ್ ಮತ್ತು ಗಿರಿಜಾಪತಿಯವರ ವಿಜಯನಗರ ನಾಣ್ಯಗಳ ಪುಸ್ತಕ, ಮಿಚಿನರ್‌ನ ದಕ್ಷಿಣ ಭಾರತದ ಸಂಪುಟಗಳು ಬಗೆಗಳಿಗೆ ಒಳ್ಳೆಯ ಆಧಾರ.

ಇಪ್ಪತ್ತು ನಾಣ್ಯಗಳಲ್ಲಿ 14 ಅಚ್ಚುಗಳು ಒಂದೊಂದೇ ಸಲ ಕಂಡಿದ್ದರೆ, ಮುಂದೆ ಸಿಗುವ ನಾಣ್ಯ ಹೊಸ ಅಚ್ಚಿನದಾಗುವ ಸಾಧ್ಯತೆ ಹೆಚ್ಚುಕಡಿಮೆ 20ರಲ್ಲಿ 14. ಅಂದರೆ ನೀವಿನ್ನೂ ಹೊಸ್ತಿಲಲ್ಲೇ ಇದ್ದೀರಿ. ಒಂದೇ ಸಲ ಕಂಡವು ಎರಡೇ ಆದರೆ ಬಹುಪಾಲು ಮುಗಿದಂತೆ. ಕಾರ್ಟರ್, ಎಸ್ಟಿ ಎಂಬವರು ಇದಕ್ಕೆ ಇನ್ನೂ ಬಿಗಿಯಾದ ಸೂತ್ರಗಳನ್ನು ಕೊಟ್ಟಿದ್ದಾರೆ. ಇಷ್ಟರಿಂದ ಅಚ್ಚುಗಳ ಸಂಖ್ಯೆಯನ್ನು ಅಂದಾಜು ಮಾಡಬಹುದು. ಅದನ್ನು ಒಂದು ಅಚ್ಚಿಗೆ ಇಷ್ಟು ಸಾವಿರ ಎಂದು ಗುಣಿಸಿ ಕಮ್ಮಟದಿಂದ ಒಟ್ಟು ಇಷ್ಟು ವರಹ ಹೊರಬಂತು ಎನ್ನುವುದು ಮಾತ್ರ ಗಾಳಿಗೋಪುರ. ಒಂದು ಅಚ್ಚು ಎಷ್ಟು ಏಟು ತಾಳುತ್ತಿತ್ತು ಎಂಬುದು ಉಕ್ಕಿನ ಗುಣ, ಹದ, ಹೊಡೆಯುವವನ ಕೈ ಎಲ್ಲದರ ಮೇಲೆ ನಿಂತ ವಿಷಯ.

11. ನಿಧಿಯನ್ನು ಒಡೆಯುವುದಕ್ಕೆ ನೀವು ಕೈಜೋಡಿಸಬೇಡಿ

ಹೊಲದಲ್ಲಿ ಒಂದು ಕುಡಿಕೆ ಸಿಕ್ಕರೆ ಅದರಲ್ಲಿ ಒಟ್ಟಿಗೆ ಇದ್ದದ್ದು ಯಾವುವು ಎಂಬುದೇ ಅಚ್ಚಿನ ಸರಪಳಿಗೆ ಕಾಲ ಕೊಡುವ ಬೀಗದ ಕೈ. ಕಾನೂನಿನಂತೆ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಕುಡಿಕೆಯ ನಾಣ್ಯಗಳು ಹತ್ತು ಜನರ ಕೈಗೆ ಹಂಚಿಹೋದ ಮೇಲೆ ಯಾವ ಭೂತಗನ್ನಡಿಯೂ ಅವನ್ನು ಮತ್ತೆ ಕೂಡಿಸುವುದಿಲ್ಲ. ಬಿಲ್ಲಿಲ್ಲದೆ, ಎಲ್ಲಿಯದೆಂದು ಹೇಳದೆ ಕೊಡುವ ವರಹ ಎಷ್ಟೇ ಅಗ್ಗವಾಗಿದ್ದರೂ ಬೇಡ ಎನ್ನಿ.

ಚಿನ್ನದ ಬೆಲೆ ಏರಿದಾಗಲೆಲ್ಲ ಮನೆಮನೆಯ ಕಾಸಿನ ಸರಗಳು ಅಂಗಡಿಗೆ ಹೋಗಿ ಕರಗುತ್ತವೆ. ನಿಮ್ಮ ಮನೆಯಲ್ಲೂ ಒಂದಿದ್ದರೆ, ಮಾರುವುದೂ ಕರಗಿಸುವುದೂ ನಿಮ್ಮ ಇಷ್ಟ. ಅದಕ್ಕೆ ಮೊದಲು ಒಂದೊಂದು ಕಾಸಿನ ಎರಡೂ ಮುಖದ ಚಿತ್ರ ತೆಗೆದು, ತೂಕ ಬರೆದು, ಹತ್ತಿರದ ವಸ್ತುಸಂಗ್ರಹಾಲಯಕ್ಕೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕಳಿಸಿಕೊಡಿ.